ಆಲ್ಬಂ ಹೋಗಿ ಫೈಲ್ ಬಂತು: ಕಳೆದುಹೋದದ್ದೇನು, ಉಳಿಸಿಕೊಳ್ಳಬಹುದಾದದ್ದೇನು?

ಪ್ರಶ್ನೆ: ನನ್ನ ಬಳಿ ಎಲ್‌ಪಿ, ಕ್ಯಾಸೆಟ್, ಸಿಡಿ ಎಲ್ಲ ಸೇರಿ ಕಪಾಟು ತುಂಬಿದೆ. ನಡುವೆ ಕೆಲವು ವರ್ಷ ಹಣ ಕೊಟ್ಟು ಹಾಡುಗಳನ್ನು ಡೌನ್‌ಲೋಡ್ ಮಾಡಿಕೊಂಡಿದ್ದೂ ಉಂಟು. ‘ಎಲ್ಲವೂ ಮೊಬೈಲ್‌ನಲ್ಲೇ ಸಿಗುವಾಗ ಇವೆಲ್ಲ ಏಕೆ?’ ಎಂದು ಮಕ್ಕಳು ಕೇಳುತ್ತಾರೆ. ನನಗೋ, ಡೌನ್‌ಲೋಡ್ ಬಂದಂದಿನಿಂದ ಸಂಗೀತ ಕೇಳುವುದೇ ತೆಳುವಾಗಿದೆ ಎನಿಸುತ್ತದೆ. ಇದು ವಯಸ್ಸಾದವರ ಹಳಹಳಿಕೆಯೇ, ನಿಜವಾಗಿ ಏನಾದರೂ ಕಳೆದುಹೋಗಿದೆಯೇ? ಎಲ್ಲವನ್ನೂ ಫೈಲ್‌ಗಳಾಗಿ ಮಾಡಿಕೊಂಡು ತಟ್ಟೆಗಳನ್ನು ಯಾರಿಗಾದರೂ ಕೊಟ್ಟುಬಿಡಲೇ?

ಉತ್ತರ: ಕಳೆದುಹೋಗಿದೆ, ನಿಜವಾಗಿಯೂ ಕಳೆದುಹೋಗಿದೆ. ಹಳಹಳಿಕೆ ಎಂದು ಮಕ್ಕಳು ತಳ್ಳಿಹಾಕಿದರೆ ಒಪ್ಪಿಕೊಳ್ಳಬೇಡಿ. ಹಳೆಯ ಧ್ವನಿಮುದ್ರಣಗಳನ್ನು ಕಾಪಿಡುವ ಕೆಲಸದಲ್ಲಿರುವ ನನ್ನ ಬಳಿ ಈ ದೂರು ಮತ್ತೆ ಮತ್ತೆ ಬರುತ್ತದೆ. ದೂರು ನ್ಯಾಯವಾದದ್ದೇ, ಆದರೆ ಬಹುಪಾಲು ಜನ ಅದನ್ನು ಯಾರ ಮೇಲೆ ಹೊರಿಸಬೇಕೋ ಅವರ ಮೇಲೆ ಹೊರಿಸುವುದಿಲ್ಲ. ಡೌನ್‌ಲೋಡ್ ಮಾಡಿದ ಫೈಲನ್ನು ಬೈಯುತ್ತಾರೆ. ನನ್ನ ದೃಷ್ಟಿಯಲ್ಲಿ ಬೀಗವಿಲ್ಲದ, ಅಂದರೆ ಮಾರಿದವರ ಅಪ್ಪಣೆ ಕೇಳದೆ ನುಡಿಯುವ, ಒಂದು ಒಳ್ಳೆಯ ಫೈಲ್ ನಿಮ್ಮ ಕಪಾಟಿನ ಎಲ್‌ಪಿಗೆ ವೈರಿಯಲ್ಲ, ದಾಯಾದಿಯೂ ಅಲ್ಲ, ಒಡಹುಟ್ಟು. ಏಕೆ ಎಂದು ವಿವರಿಸುತ್ತೇನೆ.

ಮೊದಲು ನಾದದ ಮಾತನ್ನು ಮುಗಿಸೋಣ. ಜಗಳವೆಲ್ಲ ಅದರ ಸುತ್ತಲೇ ನಡೆಯುತ್ತದೆ, ಹುರುಳು ಮಾತ್ರ ಅಲ್ಲಿ ಕಡಿಮೆ. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಬಾರಿ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಎಡಬಲ ಎರಡೂ ಸೇರಿದರೆ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್ ಆಗುತ್ತದೆ. 2003ರ ಏಪ್ರಿಲ್‌ನಲ್ಲಿ ಆ್ಯಪಲ್ ಕಂಪನಿಯ ಐಟ್ಯೂನ್ಸ್ ಅಂಗಡಿ ತೆರೆದಾಗ ಅಲ್ಲಿ ಮಾರುತ್ತಿದ್ದ ಹಾಡುಗಳು 128 ಕಿಲೋಬಿಟ್‌ನವು, ಅಂದರೆ ಸಿಡಿಯ ಹನ್ನೊಂದರಲ್ಲಿ ಒಂದು ಪಾಲು. ಒಂದು ಗಟ್ಟಿ ಸದ್ದಿನ ಮರೆಯಲ್ಲಿ ಕಿವಿಗೆ ಬೀಳದ ಸಣ್ಣ ಸದ್ದುಗಳನ್ನು ಲೆಕ್ಕ ಹಾಕಿ ಬಿಟ್ಟುಬಿಡುವುದು ಈ ಸಂಕುಚನದ ಉಪಾಯ. ಉಪಾಯ ಜಾಣತನದ್ದೇ. ಆದರೂ ಅಷ್ಟು ಕಡಿಮೆ ಬಿಟ್‌ಗಳಲ್ಲಿ, ಅದರಲ್ಲೂ ಆ ಕಾಲದ ಎಂಪಿ3 ಫೈಲ್‌ಗಳಲ್ಲಿ, ತಾಳದ ಝಣತ್ಕಾರ, ಚಪ್ಪಾಳೆ, ತಂತಿವಾದ್ಯದ ಮೇಲಿನ ಸ್ವರಗಳು ಕಲಸಿಹೋಗುತ್ತಿದ್ದವು. ನೀವು ‘ತೆಳು’ ಎಂದದ್ದು ಆ ಕಾಲದ ಫೈಲ್‌ಗಳನ್ನು ಕೇಳಿಯಾದರೆ ನಿಮ್ಮ ಕಿವಿ ಸರಿಯಾಗಿಯೇ ಹೇಳಿದೆ.

ಆ ಕೊರತೆ ಆ ಕಾಲಕ್ಕೇ ಸೇರಿದ್ದು. 256 ಕಿಲೋಬಿಟ್ ದಾಟಿದ ಒಳ್ಳೆಯ ಫೈಲನ್ನೂ ಸಿಡಿಯನ್ನೂ ಯಾವುದು ಯಾವುದೆಂದು ಹೇಳದೆ ಕೇಳಿಸಿದರೆ ಬಹುತೇಕ ಜನ ಗುರುತಿಸಲಾರರು. ಅದೂ ಸಾಲದೆಂದರೆ ಫ್ಲ್ಯಾಕ್ ಇದೆ. 2001ರಿಂದ ಬಳಕೆಯಲ್ಲಿರುವ ಈ ಮಾದರಿ ಸಿಡಿಯ ಒಂದು ಬಿಟ್ಟನ್ನೂ ಬಿಡದೆ, ಹೆಚ್ಚುಕಡಿಮೆ ಅರ್ಧದಷ್ಟು ಜಾಗದಲ್ಲಿ ಕಾಪಿಡುತ್ತದೆ. ಹಾಗಾಗಿ ಧ್ವನಿಯ ಗುಣವನ್ನು ಮುಂದಿಟ್ಟುಕೊಂಡು ಡೌನ್‌ಲೋಡನ್ನು ಹಳಿಯುವವರ ಮಾತು ಇಂದು ನಿಲ್ಲುವುದಿಲ್ಲ.

ಇದಕ್ಕೊಂದು ಅಪವಾದ ಉಂಟು, ಅದನ್ನು ಮರೆಯಬೇಡಿ. 1990ರ ದಶಕದಿಂದೀಚೆಗೆ ಹಾಡು ಜೋರಾಗಿ ಕೇಳಬೇಕೆಂಬ ಪೈಪೋಟಿಯಲ್ಲಿ ಮೆಲ್ಲನೆಯದನ್ನೂ ಎತ್ತಿ, ಏರಿಳಿತವನ್ನು ತಟ್ಟಿ ಸಮ ಮಾಡುವ ಚಾಳಿ ಬೆಳೆಯಿತು. ‘ರೀಮಾಸ್ಟರ್’ ಎಂಬ ಹೆಸರಿನಲ್ಲಿ ಮರಳಿ ಬಂದ ಎಷ್ಟೋ ಹಳೆಯ ಸಂಗೀತಕ್ಕೂ ಇದೇ ಗತಿಯಾಯಿತು. 1980ರ ದಶಕದ ನಿಮ್ಮ ಸಿಡಿ ಇಂದಿನ ಫೈಲ್‌ಗಿಂತ ಜೀವಂತವಾಗಿ ಕೇಳುತ್ತದೆ ಎಂದಾದರೆ ತಪ್ಪು ಫೈಲಿನದಲ್ಲ, ಅದನ್ನು ತಯಾರಿಸಿದವರದು. ಅಂಥ ಸಿಡಿಗಳನ್ನು ಯಾರು ಕೇಳಿದರೂ ಕೊಡಬೇಡಿ.

ಇನ್ನು ಆಲ್ಬಮ್ಮಿನ ಕಟ್ಟಡದ ವಿಷಯ. 1948ರಲ್ಲಿ ಕೊಲಂಬಿಯಾ ಕಂಪನಿ ಎಲ್‌ಪಿಯನ್ನು ಹೊರತಂದಾಗ ನಿಮಿಷಕ್ಕೆ ಮೂವತ್ತಮೂರೂ ಚಿಲ್ಲರೆ ಸುತ್ತು ತಿರುಗುವ ಆ ತಟ್ಟೆಯ ಒಂದೊಂದು ಬದಿಗೆ ಇಪ್ಪತ್ತು ನಿಮಿಷ ದಾಟಿದ ಸಂಗೀತ ಹಿಡಿಯಿತು. ಅದಕ್ಕೆ ಮುಂಚಿನ 78 ಸುತ್ತಿನ ತಟ್ಟೆಯಲ್ಲಿ ಮೂರೋ ನಾಲ್ಕೋ ನಿಮಿಷ ಅಷ್ಟೆ. ಎರಡು ಬದಿ ಎಂದರೆ ಎರಡು ಆರಂಭ, ಎರಡು ಮುಕ್ತಾಯ. ಇದರ ಹಿಂದೆ ಭೌತಶಾಸ್ತ್ರವೂ ಇತ್ತು. ತಟ್ಟೆಯ ಅಂಚಿನಲ್ಲಿ ಸೂಜಿಯ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೆರೆ ಹಾದುಹೋಗುತ್ತದೆ. ನಡುವಿನ ಚೀಟಿಯ ಹತ್ತಿರ ಬರುವ ಹೊತ್ತಿಗೆ ಅದು 20ರ ಆಸುಪಾಸಿಗೆ ಇಳಿದಿರುತ್ತದೆ. ಅಷ್ಟೇ ಸಂಗೀತವನ್ನು ಅಲ್ಲಿ ಅರ್ಧಕ್ಕಿಂತ ಕಡಿಮೆ ಉದ್ದದ ಗೆರೆಯಲ್ಲಿ ಕೊರೆಯಬೇಕು. ಒಳಗೆ ಹೋದಂತೆಲ್ಲ ಜೋರಾದ, ಚೂಪಾದ ಸ್ವರಗಳು ಒಡೆಯುತ್ತವೆ. ಹಾಗಾಗಿಯೇ ಅಬ್ಬರದ ಹಾಡನ್ನು ಬದಿಯ ಆರಂಭಕ್ಕಿಟ್ಟು ಮೆಲುದನಿಯದನ್ನು ಕೊನೆಗಿಡುವ ರೂಢಿ ಬೆಳೆಯಿತು. ಬದಿಯೊಂದು ತಣ್ಣಗೆ ಮುಗಿದು, ನೀವು ಎದ್ದು ತಟ್ಟೆ ಮಗುಚಿ, ಮತ್ತೆ ಹುರುಪಿನಿಂದ ಶುರುವಾಗುವ ಆ ಅನುಭವಕ್ಕೆ ಸಂಗೀತಗಾರರ ಕಲ್ಪನೆಯಷ್ಟೇ ಸೂಜಿಯ ಮಿತಿಯೂ ಕಾರಣ. ಮಿತಿಯಿಂದ ಇಷ್ಟು ಚೆಲುವಾದ ರೂಪವೊಂದು ಹುಟ್ಟಿದ ಉದಾಹರಣೆ ನನಗೆ ತೀರ ಪ್ರಿಯವಾದದ್ದು.

ಈ ರೂಪವನ್ನು ಮೊದಲು ಸಡಿಲಗೊಳಿಸಿದ್ದು ಡೌನ್‌ಲೋಡ್ ಅಲ್ಲ, ಸಿಡಿ. ಸಿಡಿಯನ್ನು ಮೆಚ್ಚುವವರಿಗೆ ಈ ಮಾತು ಹಿಡಿಸಲಿಕ್ಕಿಲ್ಲ. 1982ರಲ್ಲಿ ಬಂದ ಸಿಡಿಯಲ್ಲಿ ಬದಿ ಒಂದೇ, ಅವಧಿ 74 ನಿಮಿಷ. ಜಾಗ ಇದೆಯೆಂದು ತುಂಬಿಸುವ ಅಭ್ಯಾಸ ಆಗಲೇ ಶುರುವಾಯಿತು. ನಲವತ್ತು ನಿಮಿಷದಲ್ಲಿ ಮುಗಿಯಬೇಕಾದ ಎಷ್ಟೋ ಆಲ್ಬಂಗಳು ಗಂಟೆ ದಾಟಿ ಸೊರಗಿದವು. ರಿಮೋಟ್ ಕೈಗೆ ಬಂದದ್ದೂ ಆಗಲೇ, ಬೇಡದ ಹಾಡನ್ನು ಹಾರಿಸಿದ್ದೂ ಆಗಲೇ. ಬಿಡಿ ಹಾಡಿನ ಮಾರಾಟವೂ ಹೊಸತಲ್ಲ. 1949ರಲ್ಲಿ ಆರ್‌ಸಿಎ ವಿಕ್ಟರ್ ತಂದ 45 ಸುತ್ತಿನ ಪುಟ್ಟ ತಟ್ಟೆ ಬಿಡಿ ಹಾಡಿಗೆ ಹೇಳಿ ಮಾಡಿಸಿದಂತಿತ್ತು.

ಡೌನ್‌ಲೋಡ್ ಮಾಡಿದ ಹಾನಿ ಇನ್ನೊಂದು ಬಗೆಯದು, ಸೂಕ್ಷ್ಮವಾದದ್ದು. ಎಂಪಿ3 ಧ್ವನಿಯನ್ನು 1,152 ಅಳತೆಗಳ ತುಂಡುಗಳಾಗಿ ಕಟ್ಟುತ್ತದೆ. ಹಾಡು ಸರಿಯಾಗಿ ತುಂಡಿನ ಗಡಿಯಲ್ಲೇ ಮುಗಿಯುವುದಿಲ್ಲವಾದ್ದರಿಂದ ಆದಿಯಲ್ಲೂ ಅಂತ್ಯದಲ್ಲೂ ಕೂದಲೆಳೆಯಷ್ಟು ಮೌನ ಸೇರಿಕೊಳ್ಳುತ್ತದೆ. ಬಿಡಿ ಹಾಡಿಗೆ ಇದರಿಂದ ಏನೂ ಆಗದು. ಒಂದರೊಳಗೊಂದು ಹರಿಯುವಂತೆ ಹೆಣೆದ ಆಲ್ಬಮ್ಮಿನಲ್ಲಿ, ಕಚೇರಿಯ ನೇರ ಧ್ವನಿಮುದ್ರಣದಲ್ಲಿ, ಪ್ರತಿ ಗಡಿಯಲ್ಲೂ ಒಂದು ಬಿಕ್ಕಳಿಕೆ. ಎಷ್ಟು ಮೌನ ಸೇರಿದೆ ಎಂಬುದನ್ನು ಫೈಲಿನಲ್ಲೇ ಬರೆದಿಟ್ಟು, ನುಡಿಸುವಾಗ ಕತ್ತರಿಸಿಬಿಡುವ ವಿಧಾನ ಬಂತು. ಎಷ್ಟೋ ಪ್ಲೇಯರ್‌ಗಳು ಆ ಟಿಪ್ಪಣಿಯನ್ನು ಓದಲೇ ಇಲ್ಲ. ಫ್ಲ್ಯಾಕ್‌ನಲ್ಲಿ ಈ ತೊಡಕಿಲ್ಲ. ಕ್ರಮದ ವಿಷಯವಂತೂ ಕಲಾವಿದರೇ ಬಾಯಿಬಿಟ್ಟು ಕೇಳಬೇಕಾದ ಮಟ್ಟಕ್ಕೆ ಹೋಯಿತು. ಗಾಯಕಿ ಅಡೆಲ್ ಕೇಳಿಕೊಂಡ ಮೇಲೆ, 2021ರ ನವೆಂಬರ್‌ನಲ್ಲಿ, ಆಲ್ಬಂ ಪುಟದಲ್ಲಿ ಹಾಡುಗಳನ್ನು ತಾನಾಗಿಯೇ ಕಲಸಿ ನುಡಿಸುವ ಗುಂಡಿಯನ್ನು ಸ್ಪಾಟಿಫೈ ಹಿಂದಕ್ಕೆ ಸರಿಸಿತು.

ಈಗ ನಿಜವಾದ ನಷ್ಟಕ್ಕೆ ಬರುತ್ತೇನೆ. ನನ್ನ ಸಂಕಟವೆಲ್ಲ ಇಲ್ಲಿಯೇ.

ನಿಮ್ಮ ಯಾವುದಾದರೂ ಎಲ್‌ಪಿಯ ಹಿಂಬದಿ ನೋಡಿ. ಸಾಹಿತ್ಯ ಯಾರದು, ಸಂಗೀತ ಯಾರದು, ಪಿಟೀಲು ಯಾರು ನುಡಿಸಿದರು, ತಬಲಾ ಯಾರದು, ಯಾವ ಸ್ಟುಡಿಯೊ, ಧ್ವನಿಗ್ರಹಣ ಮಾಡಿದವರು ಯಾರು, ಚಿತ್ರ ಯಾರದು, ಕೆಲವೊಮ್ಮೆ ಬಲ್ಲವರೊಬ್ಬರ ಒಂದು ಪುಟದ ಬರಹ. ಅದೆಲ್ಲ ಎಲ್ಲಿಗೆ ಹೋಯಿತು? ಸಂಗೀತದ ಸಿಡಿಯಲ್ಲಿ ಸಾಮಾನ್ಯವಾಗಿ ಹಾಡಿನ ಹೆಸರೂ ಇರುವುದಿಲ್ಲ. ಅದರಲ್ಲಿರುವುದು ಧ್ವನಿ, ಜೊತೆಗೆ ಯಾವ ಹಾಡು ಎಲ್ಲಿ ಶುರುವಾಗುತ್ತದೆ ಎಂಬ ಪಟ್ಟಿ. ಹೆಸರುಗಳೆಲ್ಲ ಕಾಗದದ ಮೇಲೆ. ಜನ ಸಿಡಿಗಳನ್ನು ಕಂಪ್ಯೂಟರಿಗೆ ಹಾಕತೊಡಗಿದಾಗ ತಂತ್ರಾಂಶ ಆ ಪಟ್ಟಿಯ ಅವಧಿಗಳನ್ನು ಸಿಡಿಡಿಬಿ ಎಂಬ ದತ್ತಸಂಗ್ರಹದೊಡನೆ ಹೋಲಿಸಿ, ಯಾರೋ ಕೇಳುಗರು ಮೊದಲೇ ಬೆರಳಚ್ಚು ಮಾಡಿಟ್ಟ ಹೆಸರುಗಳನ್ನು ತಂದುಕೊಡುತ್ತಿತ್ತು. ಅವರು ತಪ್ಪು ಬರೆದಿದ್ದರೆ ನಿಮ್ಮಲ್ಲೂ ತಪ್ಪು.

ಆ ಹೆಸರುಗಳನ್ನು ಎಂಪಿ3 ಫೈಲಿನೊಳಗೆ ಇಡಲು 1996ರಲ್ಲಿ ಒಂದು ಪುಟ್ಟ ಏರ್ಪಾಡಾಯಿತು. ಐಡಿ3 ಎಂದು ಅದರ ಹೆಸರು. ಫೈಲಿನ ಬಾಲದಲ್ಲಿ 128 ಬೈಟ್ ಜಾಗ. ಅದರಲ್ಲಿ ಗುರುತಿನ ಅಕ್ಷರಗಳಿಗೆ 3, ಹಾಡಿನ ಹೆಸರಿಗೆ 30, ಕಲಾವಿದರಿಗೆ 30, ಆಲ್ಬಮ್ಮಿಗೆ 30, ವರ್ಷಕ್ಕೆ 4, ಟಿಪ್ಪಣಿಗೆ 30, ಪ್ರಕಾರಕ್ಕೆ ಒಂದೇ ಒಂದು. ಮುಗಿಯಿತು. ಅದೂ ಲ್ಯಾಟಿನ್ ಲಿಪಿಯನ್ನು ಮನಸ್ಸಿನಲ್ಲಿಟ್ಟು ಹೊಲಿದ ಅಂಗಿ, ಬೇರೆ ಲಿಪಿಯವರಿಗೆ ಮೈಗೆ ಹಿಡಿಸದು. ಸಾಹಿತಿಗೆ ಜಾಗವಿಲ್ಲ, ಸಂಯೋಜಕರಿಗಿಲ್ಲ, ವಾದ್ಯಗಾರರಿಗಿಲ್ಲ, ಧ್ವನಿಗ್ರಹಣ ಮಾಡಿದವರಿಗಿಲ್ಲ. ಒಂದು ಹಾಡಿನ ಹಿಂದೆ ದುಡಿದ ಹತ್ತಾರು ಜನರಲ್ಲಿ ಮೂವತ್ತು ಅಕ್ಷರದೊಳಗೆ ಹಿಡಿಸಿದವರು ಮಾತ್ರ ಉಳಿದರು.

ಮೊದಲ ರೂಪದ ಈ ಇಕ್ಕಟ್ಟನ್ನಾದರೂ ಕ್ಷಮಿಸಬಹುದು. 1998ರಲ್ಲೇ ಐಡಿ3ಯ ಎರಡನೆಯ ಆವೃತ್ತಿ ಬಂತು. ಅದರಲ್ಲಿ ಸಂಯೋಜಕರಿಗೆ, ಗೀತಸಾಹಿತಿಗೆ, ವೃಂದ ನಿರ್ದೇಶಕರಿಗೆ, ದುಡಿದ ಇತರರ ಪಟ್ಟಿಗೆ, ಮುಖಪುಟದ ಚಿತ್ರಕ್ಕೆ, ಬೇರೆ ಬೇರೆ ಲಿಪಿಗಳಿಗೆ, ಎಲ್ಲಕ್ಕೂ ಜಾಗವಿತ್ತು. ಜಾಗ ಇದ್ದೂ ತುಂಬಲಿಲ್ಲ. ಹಾಡುಗಳನ್ನು ಡಿಜಿಟಲ್‌ಗೆ ಸಾಗಿಸಿದ ಕಂಪನಿಗಳು ಅವಸರದಲ್ಲಿ ಹಾಡು, ಗಾಯಕ, ಆಲ್ಬಂ, ವರ್ಷ ಇಷ್ಟನ್ನು ಬರೆದು ಕೈತೊಳೆದುಕೊಂಡವು. ಮನೆ ಬದಲಿಸುವಾಗ ಪಾತ್ರೆಪಗಡವನ್ನೆಲ್ಲ ಸಾಗಿಸಿ ಕಾಗದಪತ್ರದ ಪೆಟ್ಟಿಗೆಯನ್ನು ಹಳೆಯ ಮನೆಯಲ್ಲೇ ಬಿಟ್ಟುಬಂದಂತೆ ಆಯಿತು. ಅದರ ಹೊಣೆ ತಂತ್ರಜ್ಞಾನದ್ದಲ್ಲ, ಸಾಗಿಸಿದವರದು. ಇದನ್ನು ನಾನು ಕೋಪದಿಂದಲೇ ಬರೆಯುತ್ತಿದ್ದೇನೆ, ಏಕೆಂದರೆ ಹೆಸರು ಅಳಿಸಿಹೋದ ವಾದ್ಯಗಾರರಲ್ಲಿ ಅನೇಕರಿಗೆ ಆ ತಟ್ಟೆಯ ಹಿಂಬದಿಯ ಒಂದು ಸಾಲನ್ನು ಬಿಟ್ಟರೆ ಬೇರೆ ದಾಖಲೆಯೇ ಇಲ್ಲ.

ನೀವು ‘ತೆಳು’ ಎಂದದ್ದರ ಅರ್ಥವೂ ಬಹುಶಃ ಇದೇ. ಒಬ್ಬ ಕೊಳಲುವಾದಕರ ಹೆಸರು ಮೂರು ಬೇರೆ ಬೇರೆ ಗಾಯಕರ ತಟ್ಟೆಗಳ ಹಿಂದೆ ಕಾಣಿಸಿ, ನಾಲ್ಕನೆಯದನ್ನು ಆ ಹೆಸರಿಗಾಗಿಯೇ ಹುಡುಕಿಕೊಂಡು ಹೋಗುವುದು ಕೇಳುಗರು ಬೆಳೆಯುತ್ತಿದ್ದ ದಾರಿ. ಆ ದಾರಿಯ ಕೈಮರಗಳನ್ನು ಕಿತ್ತುಹಾಕಿದ ಮೇಲೆ ಉಳಿಯುವುದು ಗಾಯಕರ ಹೆಸರು, ಹೆಬ್ಬೆಟ್ಟಿನಷ್ಟು ಚಿತ್ರ. ಆ ಚಿತ್ರಕ್ಕೂ ಒಂದು ಚರಿತ್ರೆ ಇದೆ. ತಟ್ಟೆಗಳು ಬಣ್ಣಗೆಟ್ಟ ರಟ್ಟಿನ ಹೊದಿಕೆಯಲ್ಲಿ ಬರುತ್ತಿದ್ದಾಗ, 1940ರ ಆಸುಪಾಸಿನಲ್ಲಿ, ಕೊಲಂಬಿಯಾದ ಕಲಾ ನಿರ್ದೇಶಕ ಅಲೆಕ್ಸ್ ಸ್ಟೈನ್‌ವೈಸ್ ಮೊದಲಿಗೆ ಚಿತ್ರಮಯ ಹೊದಿಕೆಗಳನ್ನು ರಚಿಸಿದರು. ಹನ್ನೆರಡು ಅಂಗುಲದ ಆ ಚೌಕ ಮುಂದೆ ಒಂದು ಕಲಾಪ್ರಕಾರವೇ ಆಯಿತು. ಅದನ್ನು ಪರದೆಯ ಮೇಲೆ ಮರಳಿ ತರಲು ಆ್ಯಪಲ್ 2009ರಲ್ಲಿ ಐಟ್ಯೂನ್ಸ್ ಎಲ್‌ಪಿ ಎಂಬ ಪ್ರಯೋಗ ಮಾಡಿತು. ಚಿತ್ರ, ಸಾಹಿತ್ಯ, ಬರಹ ಎಲ್ಲ ಸೇರಿದ ಕಟ್ಟು ಅದು. ಕೆಲವೇ ಆಲ್ಬಂಗಳಿಗೆ ಸೀಮಿತವಾಗಿ ಉಳಿದು, 2018ರ ಹೊತ್ತಿಗೆ ನಿಂತುಹೋಯಿತು.

ಮುಂದಿನದು ಒಡೆತನ. ಕೊಂಡ ತಟ್ಟೆಯನ್ನು ನೀವು ಸ್ನೇಹಿತರಿಗೆ ಎರವಲು ಕೊಡಬಹುದು, ಮಾರಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಅಮೆರಿಕದ ಸರ್ವೋಚ್ಚ ನ್ಯಾಯಾಲಯ 1908ರಲ್ಲಿ ಪುಸ್ತಕವೊಂದರ ಮೊಕದ್ದಮೆಯಲ್ಲಿ, ಒಮ್ಮೆ ಮಾರಿದ ಪ್ರತಿಯ ಮರುಮಾರಾಟದ ಮೇಲೆ ಪ್ರಕಾಶಕರಿಗೆ ಹಿಡಿತವಿಲ್ಲ ಎಂದು ತೀರ್ಮಾನಿಸಿತ್ತು. ಇದೇ ನ್ಯಾಯ ಫೈಲಿಗೂ ಸಲ್ಲುತ್ತದೆಯೇ? ಕೊಂಡ ಹಾಡುಗಳನ್ನು ಮರುಮಾರಾಟ ಮಾಡಿಸಲು ಹೊರಟ ರೀಡಿಜಿ ಕಂಪನಿಯ ಮೇಲೆ ಕ್ಯಾಪಿಟಲ್ ರೆಕಾರ್ಡ್ಸ್ ಹೂಡಿದ ದಾವೆಯಲ್ಲಿ 2013ರಲ್ಲಿ ಒಮ್ಮೆ, ಮೇಲ್ಮನವಿಯಲ್ಲಿ 2018ರಲ್ಲಿ ಮತ್ತೊಮ್ಮೆ, ಇಲ್ಲ ಎಂಬ ಉತ್ತರ ಬಂತು. ಫೈಲನ್ನು ಸಾಗಿಸುವುದೆಂದರೆ ಹೊಸ ಪ್ರತಿ ಮಾಡಿದಂತೆ ಎಂಬುದು ಅಲ್ಲಿನ ತರ್ಕ.

ಅದಕ್ಕಿಂತ ಕೆಟ್ಟದ್ದು ಬೀಗ. ಆರಂಭದ ಅಂಗಡಿಗಳು ಮಾರಿದ ಬಹುತೇಕ ಫೈಲ್‌ಗಳಿಗೆ ಡಿಜಿಟಲ್ ಬೀಗವಿತ್ತು, ಕೀಲಿ ಮಾರಿದವರ ಸರ್ವರ್‌ನಲ್ಲಿತ್ತು. 2008ರಲ್ಲಿ ಯಾಹೂ ತನ್ನ ಹಾಡಿನ ಅಂಗಡಿಯನ್ನು ಮುಚ್ಚುವುದಾಗಿ ಹೇಳಿದಾಗ ಕೀಲಿಯ ಸರ್ವರನ್ನೂ ನಿಲ್ಲಿಸುವುದಾಗಿ ತಿಳಿಸಿತು. ಹಣ ಕೊಟ್ಟವರು ಸಿಟ್ಟಾದ ಬಳಿಕ ಪರಿಹಾರ ಕೊಡಲು ಒಪ್ಪಿತು. 2009ರಲ್ಲಿ ಐಟ್ಯೂನ್ಸ್ ಅಂಗಡಿ ತನ್ನ ಸಂಗೀತದ ಮೇಲಿನ ಬೀಗವನ್ನು ತೆಗೆಯಿತು. ನಿಮ್ಮ ಹಳೆಯ ಡೌನ್‌ಲೋಡ್‌ಗಳಲ್ಲಿ ಎಂ4ಪಿ ಎಂದು ಕೊನೆಯಾಗುವ ಫೈಲ್‌ಗಳಿದ್ದರೆ ಅವು ಬೀಗ ಬಿದ್ದ ಕಾಲದವು. ಎಂ4ಎ ಅಥವಾ ಎಂಪಿ3 ಎಂದಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ.

ಬೀಗವಿಲ್ಲದ ಡೌನ್‌ಲೋಡ್ ನಿಮ್ಮ ಕೈಯಲ್ಲಿರುವ ವಸ್ತು. ಮಾರಿದವರು ಅಂಗಡಿ ಮುಚ್ಚಿದರೂ ಅದು ನುಡಿಯುತ್ತದೆ, ಅಂತರ್ಜಾಲ ಇಲ್ಲದಿದ್ದರೂ ನುಡಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2025ರ ಆರಂಭದಿಂದ ಜಾರಿಗೆ ಬಂದ ಒಂದು ಕಾನೂನು, ಬರೀ ಪರವಾನಗಿಯನ್ನು ಕೊಡುತ್ತಿರುವವರು ‘ಖರೀದಿಸಿ’ ಎಂದು ಬರೆದು ಗ್ರಾಹಕರನ್ನು ನಂಬಿಸಬಾರದು, ಅದು ಪರವಾನಗಿ ಎಂದು ಸ್ಪಷ್ಟವಾಗಿ ಹೇಳಬೇಕು ಎನ್ನುತ್ತದೆ. ಇಳಿಸಿಕೊಂಡು ಶಾಶ್ವತವಾಗಿ ಇಟ್ಟುಕೊಳ್ಳಬಹುದಾದ, ಮಾರಿದವರು ಹಿಂದಕ್ಕೆ ಪಡೆಯಲಾಗದ ಫೈಲ್‌ಗಳಿಗೆ ಅದರಲ್ಲಿ ವಿನಾಯಿತಿ ಇದೆ. ನಾನು ಹೇಳುವ ವ್ಯತ್ಯಾಸವನ್ನು ಕಾನೂನೇ ಗುರುತಿಸಿದೆ. ಮಕ್ಕಳು ‘ಮೊಬೈಲ್‌ನಲ್ಲೇ ಸಿಗುತ್ತದೆ’ ಎನ್ನುವುದು ಸ್ಟ್ರೀಮಿಂಗ್ ಸೇವೆಯನ್ನು. ಅಲ್ಲಿ ನಿಮ್ಮದೆಂಬುದು ಏನೂ ಇಲ್ಲ. ಚಂದಾ ನಿಂತರೆ ಎಲ್ಲವೂ ಹೋಗುತ್ತದೆ, ಹಕ್ಕುದಾರರ ಒಪ್ಪಂದ ಮುಗಿದರೆ ನಿನ್ನೆ ಕೇಳಿದ ಆಲ್ಬಂ ಇಂದು ಇರುವುದಿಲ್ಲ.

ಈಗ ಅಳಿವಿನಂಚಿನಲ್ಲಿರುವುದು ತಟ್ಟೆಯಲ್ಲ, ಡೌನ್‌ಲೋಡ್. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ಎಲ್‌ಪಿಗಳು ಮಾರಾಟವಾದವು, ಸಿಡಿಗಳು 3.3 ಕೋಟಿ. 1987ರ ಬಳಿಕ ಎಣಿಕೆಯಲ್ಲಿ ಎಲ್‌ಪಿ ಮುಂದೆ ಬಂದದ್ದು ಅದೇ ಮೊದಲು. ಡೌನ್‌ಲೋಡಿನ ಆದಾಯ ಅಲ್ಲಿ 2012ರಲ್ಲಿ ತುದಿ ಮುಟ್ಟಿ, ಆಮೇಲೆ ಇಳಿಯುತ್ತಲೇ ಇದೆ. ಆದುದರಿಂದ ಡೌನ್‌ಲೋಡ್ ಮಾರುವ ತಾಣಗಳು ಇನ್ನೂ ಇರುವಾಗಲೇ, ಬ್ಯಾಂಡ್‌ಕ್ಯಾಂಪ್‌ನಂಥ ಕಡೆ ಫ್ಲ್ಯಾಕ್ ಸಿಗುವಾಗಲೇ, ಮೆಚ್ಚಿದ ಹೊಸ ಸಂಗೀತವನ್ನು ಕೊಂಡು ಇಳಿಸಿಕೊಳ್ಳಿ. ಇಳಿಸಿಕೊಳ್ಳದೆ ಅಲ್ಲೇ ಬಿಡಬೇಡಿ. 2015ಕ್ಕೆ ಮುಂಚೆ ಜನ ಏರಿಸಿದ್ದ ಹಾಡುಗಳು ಸರ್ವರ್ ಬದಲಾವಣೆಯ ವೇಳೆ ನಾಶವಾಗಿವೆ ಎಂದು ಮೈಸ್ಪೇಸ್ ಎಂಬ ಸಾಮಾಜಿಕ ಜಾಲತಾಣ 2019ರಲ್ಲಿ ಒಪ್ಪಿಕೊಂಡಿತು. ಬೇರೆ ಪ್ರತಿಯೇ ಇಲ್ಲದ ಎಷ್ಟು ಹಾಡುಗಳು ಅಲ್ಲಿದ್ದವೋ!

ತಟ್ಟೆಗಳಿಗೂ ಸಾವಿದೆ. ಇಂಗ್ಲೆಂಡಿನ ಬ್ಲ್ಯಾಕ್‌ಬರ್ನ್ ಕಾರ್ಖಾನೆಯಲ್ಲಿ 1988ರಿಂದ 1993ರ ನಡುವೆ ತಯಾರಾದ ಹಲವು ಸಿಡಿಗಳು ಕಂಚಿನ ಬಣ್ಣಕ್ಕೆ ತಿರುಗಿ ಕೆಟ್ಟಿವೆ. ಆದುದರಿಂದ ಫೈಲ್ ಮಾಡಿಕೊಳ್ಳುವ ನಿಮ್ಮ ಆಲೋಚನೆ ಸರಿಯಾದದ್ದೇ. ಮಾಡುವ ಕ್ರಮ ಮಾತ್ರ ಮುಖ್ಯ.

ಮನೆಯಲ್ಲೇ ಬರೆದ ಸಿಡಿ-ಆರ್‌ಗಳಿದ್ದರೆ ಅವು ಮೊದಲು. ಅವುಗಳಲ್ಲಿ ಸಂಗೀತವನ್ನು ಹಿಡಿದಿರುವುದು ಒಂದು ಬಣ್ಣದ ಪದರ, ಅದು ಬೆಳಕಿಗೂ ಬಿಸಿಗೂ ಮಾಸುತ್ತದೆ. ಆಮೇಲೆ ಕ್ಯಾಸೆಟ್‌ಗಳು. ಟೇಪ್ ಹಳತಾಗುವುದಷ್ಟೇ ಅಲ್ಲ, ಒಳ್ಳೆಯ ಡೆಕ್‌ಗಳೂ ಅವನ್ನು ದುರಸ್ತಿ ಮಾಡಬಲ್ಲವರೂ ಕಡಿಮೆಯಾಗುತ್ತಿದ್ದಾರೆ. ಡೆಕ್ಕಿನಲ್ಲಿ ಟೇಪನ್ನು ಓದುವ ಭಾಗವಾದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಪ್ರತಿ ಕ್ಯಾಸೆಟ್‌ಗೂ ಮೇಲಿನ ಸ್ವರಗಳು ಸ್ಪಷ್ಟವಾಗುವವರೆಗೆ ಹೆಡ್ಡಿನ ಓರೆಯನ್ನು ಹೊಂದಿಸಿ. ಗಂಟೆಯ ಕ್ಯಾಸೆಟ್‌ಗೆ ಗಂಟೆಯೇ ಹಿಡಿಯುತ್ತದೆ, ಅಡ್ಡದಾರಿ ಇಲ್ಲ. ಕ್ಯಾಸೆಟ್, ಎಲ್‌ಪಿ ಎರಡನ್ನೂ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ (ಸೆಕೆಂಡಿಗೆ 96,000 ಅಳತೆ) ಮುದ್ರಿಸಿಕೊಳ್ಳಿ. ಕರಕರ ಸದ್ದನ್ನು ಅಳಿಸುವ ತಂತ್ರಾಂಶವನ್ನು ಮೂಲ ಪ್ರತಿಯ ಮೇಲೆ ಬಳಸಬೇಡಿ. ಬೇಕಿದ್ದರೆ ಇನ್ನೊಂದು ಪ್ರತಿ ಮಾಡಿ ಅದರ ಮೇಲೆ ಪ್ರಯೋಗಿಸಿ. ಕಂಪನಿಯ ಸಿಡಿಗಳಿಗೆ ಅವಸರವಿಲ್ಲ. ಅವನ್ನು ಎಕ್ಸಾಕ್ಟ್ ಆಡಿಯೊ ಕಾಪಿಯಂಥ, ಬಿಟ್ಟುಬಿಟ್ಟು ಓದಿದ್ದನ್ನು ಪತ್ತೆಹಚ್ಚುವ ತಂತ್ರಾಂಶದಿಂದ ಫ್ಲ್ಯಾಕ್‌ಗೆ ಇಳಿಸಿ.

ಧ್ವನಿ ಇಳಿಸಿದ ದಿನವೇ ಹೊದಿಕೆಯ ಎರಡೂ ಬದಿ, ಒಳಗಿನ ಹಾಳೆ, ತಟ್ಟೆಯ ನಡುವಿನ ಚೀಟಿ ಎಲ್ಲವನ್ನೂ ಸ್ಕ್ಯಾನ್ ಮಾಡಿ ಅದೇ ಫೋಲ್ಡರಿನಲ್ಲಿಡಿ. ಅಕ್ಷರ ಚಿಕ್ಕದಿದ್ದರೆ ಸ್ಕ್ಯಾನಿನ ಸೂಕ್ಷ್ಮತೆ 600 ಡಿಪಿಐ (ಅಂಗುಲಕ್ಕೆ 600 ಚುಕ್ಕಿ) ಇರಲಿ. ಹೆಸರುಗಳನ್ನೆಲ್ಲ ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡಿ ಒಂದು ಸರಳ ಪಠ್ಯಫೈಲಿನಲ್ಲಿ ಉಳಿಸಿ. ಈ ಕೆಲಸವನ್ನು ಮಕ್ಕಳಿಗೆ ಕೊಡಬಹುದು. ಮ್ಯೂಸಿಕ್‌ಬ್ರೇನ್ಸ್, ಡಿಸ್ಕಾಗ್ಸ್ ಎಂಬ ಮುಕ್ತ ಕೋಶಗಳಲ್ಲಿ ನಿಮ್ಮ ತಟ್ಟೆ ಇಲ್ಲದಿದ್ದರೆ ದಯವಿಟ್ಟು ಸೇರಿಸಿ. ಕಂಪನಿಗಳು ತುಂಬದೆ ಬಿಟ್ಟ ಹೆಸರುಗಳು ಈಗ ಕೇಳುಗರ ಕೈಯಿಂದಲೇ ಮರಳಿ ಬರಬೇಕಾಗಿದೆ. ಎಲ್ಲ ಆದಮೇಲೆ ಮೂರು ಪ್ರತಿ ಇಡಿ, ಎರಡು ಬಗೆಯ ಸಾಧನದಲ್ಲಿ, ಒಂದು ಪ್ರತಿ ಮನೆಯ ಹೊರಗೆ.

ಕೊಟ್ಟುಬಿಡಲೇ ಎಂದು ಕೇಳಿದಿರಿ. ಎಲ್ಲವನ್ನೂ ಬೇಡ. ಸ್ವಂತಕ್ಕೆ ಪ್ರತಿ ಮಾಡಿಕೊಳ್ಳಲು ಬಿಡುವ ಹಲವು ದೇಶಗಳ ಕಾನೂನಿನಲ್ಲೂ ಮೂಲವನ್ನು ಬೇರೆಯವರಿಗೆ ಕೊಟ್ಟು ಪ್ರತಿಯನ್ನು ಇಟ್ಟುಕೊಳ್ಳುವುದು ತಕರಾರಿನ ವಿಷಯ, ಆದ್ದರಿಂದ ಕೊಡುವ ತಟ್ಟೆಯ ಫೈಲನ್ನೂ ಅದರ ಜೊತೆಗೇ ಕೊಟ್ಟು ನಿಮ್ಮಲ್ಲಿರುವುದನ್ನು ಅಳಿಸುವುದು ಕ್ಷೇಮ. ಎಲ್ಲೆಡೆ ಸಿಗುವ, ಹೊಸ ಮುದ್ರಣದಲ್ಲೂ ಅದೇ ಗುಣವಿರುವ ಸಿಡಿಗಳನ್ನು ಸಂತೋಷವಾಗಿ ಕೊಡಿ. ಹಿಂಬದಿಯಲ್ಲಿ ಬರಹವಿರುವ ಎಲ್‌ಪಿಗಳು, 1980ರ ದಶಕದ ಸಿಡಿಗಳು, ಮರುಮುದ್ರಣವಾಗದ ಕ್ಯಾಸೆಟ್‌ಗಳು, ಮನೆಯವರ ದನಿಯಿರುವ ಯಾವುದೇ ಟೇಪ್, ಇವನ್ನು ಇಟ್ಟುಕೊಳ್ಳಿ. ಕೊಡಲು ಮನಸ್ಸಾದ ತಟ್ಟೆಯನ್ನೂ ಅದರ ಫೈಲನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ಪೂರ್ತಿ ಕೇಳಿ ನೋಡುವವರೆಗೆ ಮನೆಯಿಂದ ಹೊರಗೆ ಕಳಿಸಬೇಡಿ.